ಕೋಟು ತೊಟ್ಟ ಬೆಕ್ಕು ಪಿಯಾನೋ ಮುಂದೆ ಕೂತಾಗ

ಮೊದಲು ಒಂದು ತುಣುಕು ಕೇಳಿಸುತ್ತೇನೆ. ತೆರೆ ಆರಿಸಿದ್ದೇನೆ. ಚಿತ್ರ ಇಲ್ಲ, ಪಿಯಾನೋ ಮಾತ್ರ. ಕೇಳಿ.

ಎಷ್ಟು ಬೇಗ ನಕ್ಕಿರಿ ನೋಡಿ! ನಾಲ್ಕೈದು ಸ್ವರ ಬಂದದ್ದಷ್ಟೇ, ಹಿಂದಿನ ಸಾಲಿನಿಂದ ಯಾರೋ 'ಟಾಮ್' ಅಂದುಬಿಟ್ಟರು. ಇದನ್ನು ಬರೆದವರು ಹಂಗೇರಿಯ ಫ್ರಾನ್ಜ್ ಲಿಸ್ಟ್. ಬರೆದದ್ದು 1847ರಲ್ಲಿ. ಹೆಸರು ಹಂಗೇರಿಯನ್ ರಾಪ್ಸೊಡಿ, ಎರಡನೆಯದು. ಆದರೆ ಇಲ್ಲಿರುವ ಹೆಚ್ಚಿನವರಿಗೆ ಇದು ಟಾಮ್ ಅಂಡ್ ಜೆರ್ರಿ ಕಾರ್ಟೂನಿನ ಬೆಕ್ಕು ನುಡಿಸಿದ ಸಂಗೀತ. ನನಗೂ ಹಾಗೇ. ಅದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ಆ ಬೆಕ್ಕಿನ ಹಿಂದೆ ಇದ್ದವರಿಗೆ ಲಿಸ್ಟ್ ಅವರ ಸಂಗೀತ ಒಳಗಿನಿಂದ ಗೊತ್ತಿತ್ತು. ಅವರು ಚಿತ್ರ ಬರೆದು ಮುಗಿಸಿ ಆಮೇಲೆ ಅದರ ಮೇಲೆ ಸಂಗೀತ ಸುರಿದವರಲ್ಲ. ಸಂಗೀತವನ್ನು ಎಣಿಸಿ, ಅಳೆದು, ಆ ಅಳತೆಯ ಮೇಲೆ ಚಿತ್ರ ಬರೆದವರು.

ನಮ್ಮ ಮನೆಗೆ ಕೇಬಲ್ ಬಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಶಾಲೆಯಿಂದ ಬಂದವನೇ ಚೀಲ ಮೂಲೆಗೆ ಎಸೆದು ಟೀವಿ ಮುಂದೆ ಕೂರುತ್ತಿದ್ದೆ. ಅಜ್ಜಿಗೆ ಅದು ಸ್ವಲ್ಪವೂ ಇಷ್ಟ ಇರಲಿಲ್ಲ. ಅವರು ವೀಣೆ ಕಲಿತವರು, ಮನೆಯಲ್ಲಿ ಗದ್ದಲ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿ ಅಲ್ಲಿಂದಲೇ ಕೇಳಿದರು: 'ಯಾರೋ ಅದು ನುಡಿಸ್ತಿರೋದು? ಕೈ ಎಷ್ಟು ಚೆನ್ನಾಗಿ ಓಡ್ತಾ ಇದೆ!' ನಾನು 'ಬೆಕ್ಕು, ಅಜ್ಜಿ' ಅಂದೆ. ಎದ್ದು ಬಂದರು. ಬಾಗಿಲ ಹತ್ತಿರ ಸೊಪ್ಪಿನ ತಟ್ಟೆ ಹಿಡಿದೇ ನಿಂತು ಕೊನೆಯವರೆಗೂ ನೋಡಿದರು. ಮುಗಿದ ಮೇಲೆ ಹೇಳಿದ್ದು ಒಂದೇ ಮಾತು: 'ಮೊದಲು ಸಾವಕಾಶ ಬಂತು, ಆಮೇಲೆ ದ್ರುತಕ್ಕೆ ಹೋಯ್ತು. ಎಲ್ಲೂ ತಾಳ ತಪ್ಪಲಿಲ್ಲ ನೋಡು.'

ಪಾಶ್ಚಾತ್ಯ ಸಂಗೀತದ ಗಂಧ ಇಲ್ಲದ ಅಜ್ಜಿ ಆ ಕೃತಿಯ ಮೈಕಟ್ಟನ್ನೇ ಹೇಳಿಬಿಟ್ಟಿದ್ದರು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕಾರ್ಟೂನುಗಳು ನಮ್ಮ ಹಜಾರದವರೆಗೆ ಬಂದದ್ದು ಹೇಗೆ ಅನ್ನುವುದಕ್ಕೂ ಒಂದು ಕಥೆ ಇದೆ. 1986ರಲ್ಲಿ ಅಮೆರಿಕದ ಟೀವಿ ಉದ್ಯಮಿ ಟೆಡ್ ಟರ್ನರ್ ಎಂಜಿಎಂ ಸ್ಟುಡಿಯೋವನ್ನು ಕೊಂಡರು. ಸ್ಟುಡಿಯೋವನ್ನು ಬೇಗನೆ ಕೈಬಿಟ್ಟರು, ಹಳೆಯ ಚಿತ್ರಗಳ ಭಂಡಾರವನ್ನು ಮಾತ್ರ ಇಟ್ಟುಕೊಂಡರು. ಅದರಲ್ಲಿ ಟಾಮ್ ಅಂಡ್ ಜೆರ್ರಿ ಇತ್ತು. 1948ಕ್ಕಿಂತ ಮುಂಚಿನ ವಾರ್ನರ್ ಬ್ರದರ್ಸ್ ಬಣ್ಣದ ಕಾರ್ಟೂನುಗಳಲ್ಲಿ ಬಹುಪಾಲು ಕೂಡ ಅದೇ ಭಂಡಾರದಲ್ಲಿದ್ದವು. ಇಷ್ಟು ಸರಕು ಕೈಯಲ್ಲಿದ್ದದ್ದರಿಂದಲೇ ಅವರ ಕಂಪನಿ 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುಮಾಡಿತು. 1995ರಲ್ಲಿ ಅದು ಭಾರತಕ್ಕೆ ಬಂತು. ಟಾಮ್ ಅಂಡ್ ಜೆರ್ರಿಯಲ್ಲಿ ಮಾತೇ ಕಡಿಮೆ. ಯಾವ ಭಾಷೆಯ ಮಗುವಿಗೂ ಅರ್ಥ ಆಗುತ್ತದೆ. ಹಾಗಾಗಿ ಸಿನಿಮಾ ಥಿಯೇಟರಿಗಾಗಿ ಅರ್ಧ ಶತಮಾನದ ಹಿಂದೆ ಲಾಸ್ ಏಂಜಲಿಸ್‌ನಲ್ಲಿ ರೆಕಾರ್ಡ್ ಆದ ಆರ್ಕೆಸ್ಟ್ರಾ ಸಂಗೀತ ನಮ್ಮ ಚಿಕ್ಕ ಊರುಗಳ ಮನೆಗಳಲ್ಲಿ ದಿನಾ ಸಂಜೆ ಕೇಳತೊಡಗಿತು.

ಮೈಸೂರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹೊಸದೇನಲ್ಲ. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ನುಡಿಸುತ್ತಿದ್ದರು. 1940ರ ದಶಕದ ಕೊನೆಯಲ್ಲಿ, ಅಂದರೆ ನಾನು ಹೇಳಲಿರುವ ಕಾರ್ಟೂನುಗಳು ತಯಾರಾಗುತ್ತಿದ್ದ ಕಾಲದಲ್ಲೇ, ಲಂಡನ್ನಿನಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆಗಲಿ ಅಂತ ಹಣ ಕೊಟ್ಟರು. ಆದರೆ ಅದು ಅರಮನೆಯ ಮಾತು. ನಮ್ಮಂಥ ಮನೆಗಳ ಜಗಲಿ ಹತ್ತಿ ಬಂದದ್ದು ಬೆಕ್ಕು, ಇಲಿ, ಮೊಲ.

ಈಗ ಕೆಲಸದ ವಿಷಯಕ್ಕೆ ಬರೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಸಿನಿಮಾ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ. ಈ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ತಾಳದ ಪೆಟ್ಟಿಗೆ 12 ಫ್ರೇಮ್ ಕೊಟ್ಟರೆ ಸೆಕೆಂಡಿಗೆ ಎರಡು ಪೆಟ್ಟು, ನಿಮಿಷಕ್ಕೆ 120. ಆರಾಮಾಗಿ ನಡೆಯುವವನ ಹೆಜ್ಜೆ ಅದು. 8 ಫ್ರೇಮ್ ಕೊಟ್ಟರೆ ನಿಮಿಷಕ್ಕೆ 180 ಪೆಟ್ಟು. ಈಗ ಅವನು ಓಡುತ್ತಿದ್ದಾನೆ. ಅಂದರೆ ಚಿತ್ರ ಬರೆಯುವವನಿಗೂ ಸಂಗೀತ ಬರೆಯುವವನಿಗೂ ಅಳತೆಗೋಲು ಒಂದೇ. ಬೆಕ್ಕಿನ ಕಾಲು ನೆಲಕ್ಕೆ ತಾಗುವುದು ಹನ್ನೆರಡನೇ ಚಿತ್ರದಲ್ಲಿ ಅಂತ ನಿರ್ದೇಶಕ ಹಾಳೆಯಲ್ಲಿ ಗುರುತು ಹಾಕಿದರೆ, ಡ್ರಮ್ ಪೆಟ್ಟು ಎಲ್ಲಿ ಬೀಳಬೇಕು ಅಂತ ಸಂಗೀತಗಾರನಿಗೆ ಕೇಳದೆಯೇ ಗೊತ್ತಾಗುತ್ತದೆ.

1928ರಲ್ಲಿ ಡಿಸ್ನಿಯವರು ತಮ್ಮ ಮೊದಲ ಶಬ್ದದ ಮಿಕ್ಕಿ ಮೌಸ್ ಚಿತ್ರ ಮಾಡುವಾಗ ಈ ದಾರಿ ತೋರಿಸಿದ್ದು ವಿಲ್ಫ್ರೆಡ್ ಜಾಕ್ಸನ್ ಅನ್ನುವ ಎಳೆಯ ಚಿತ್ರಗಾರ. ಅವನ ತಾಯಿ ಸಂಗೀತದ ಟೀಚರ್. ಅವನು ಸ್ಟುಡಿಯೋಗೆ ಒಂದು ಮೆಟ್ರೊನೋಮ್, ಅಂದರೆ ತಾಳ ಹಾಕುವ ಯಂತ್ರ, ಹಿಡಿದುಕೊಂಡು ಬಂದ. ಟಕ್ ಟಕ್ ಅನ್ನುವ ಆ ಪುಟ್ಟ ಪೆಟ್ಟಿಗೆಯಿಂದ ಎಲ್ಲಾ ಲೆಕ್ಕ ಶುರುವಾಯಿತು. ಆಮೇಲೆ ಆ ಟಕ್ ಟಕ್ ಶಬ್ದವನ್ನೇ ಫಿಲ್ಮಿನ ಮೇಲೆ ಹಾಕಿ, ರೆಕಾರ್ಡಿಂಗ್ ಹೊತ್ತಿನಲ್ಲಿ ವಾದಕರಿಗೆ ಹೆಡ್‌ಫೋನಿನಲ್ಲಿ ಕೇಳಿಸುವ ಪದ್ಧತಿ ಬಂತು. ಚಿತ್ರ ಕಣ್ಣೆದುರು ಇಲ್ಲದಿದ್ದರೂ ಐವತ್ತು ಜನ ಸೇರಿ ಚಿತ್ರಕ್ಕೆ ಕೂದಲೆಳೆ ತಪ್ಪದೆ ನುಡಿಸಬಹುದು.

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ಚೆಂಡೆಯವರು ವೇಷಧಾರಿಯ ಕಾಲನ್ನೇ ನೋಡುತ್ತಿರುತ್ತಾರೆ. ಹೆಜ್ಜೆಗೆ ಪೆಟ್ಟು, ಹಾರಿದರೆ ಪೆಟ್ಟು, ತಿರುಗಿದರೆ ಉರುಳಿಕೆ. ಅದು ಆ ಕ್ಷಣದಲ್ಲಿ, ಕಣ್ಣಿಗೆ ಕಣ್ಣು ಸೇರಿಸಿ ಆಗುವ ಕೆಲಸ. ಕಾರ್ಟೂನಿನಲ್ಲಿ ವೇಷಧಾರಿ ಇನ್ನೂ ಹುಟ್ಟೇ ಇಲ್ಲ! ಅವನು ಯಾವಾಗ ಹಾರಬೇಕು ಅಂತ ತಿಂಗಳುಗಳ ಮುಂಚೆ ಕಾಗದದ ಮೇಲೆ ಬರೆದಾಗಿರುತ್ತದೆ. ಏಳು ನಿಮಿಷದ ಚಿತ್ರ ಅಂದರೆ 10,080 ಫ್ರೇಮ್. ಅಷ್ಟಕ್ಕೂ ಲೆಕ್ಕ ಇರಬೇಕು.

ಕಾರ್ಲ್ ಸ್ಟಾಲಿಂಗ್ ಅಂತ ಒಬ್ಬರಿದ್ದರು. ಕ್ಯಾನ್ಸಸ್ ಸಿಟಿಯ ಥಿಯೇಟರಿನಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. ಅದೇ ಊರಲ್ಲಿದ್ದ ವಾಲ್ಟ್ ಡಿಸ್ನಿಗೆ ಅಲ್ಲಿಂದಲೇ ಪರಿಚಯ. ಮೂಕಿ ಚಿತ್ರಕ್ಕೆ ನುಡಿಸುವವರ ಕೈಯಲ್ಲಿ ಒಂದು ದೊಡ್ಡ ಸಂಗ್ರಹ ಇರಬೇಕಾಗಿತ್ತು. ತೆರೆಯ ಮೇಲೆ ಬಿರುಗಾಳಿ ಬಂತಾ, ರೊಸ್ಸೀನಿಯ 'ವಿಲಿಯಂ ಟೆಲ್'. ಬೆಳಗಾಯಿತಾ, ಗ್ರೀಗ್. ಸಾವು ಬಂತಾ, ಶೋಪಾನ ಶವಯಾತ್ರೆಯ ಸಂಗೀತ. ವಸಂತ ಬಂತಾ, ಮೆಂಡೆಲ್ಸನ್. ಥಿಯೇಟರಿಗೆ ಬರುತ್ತಿದ್ದ ಸಾಮಾನ್ಯ ಜನ ಇದನ್ನು ವಾರ ವಾರ ಕೇಳಿ ಕೇಳಿ ಒಂದು ಭಾಷೆಯಂತೆ ಕಲಿತಿದ್ದರು. ಸಂಗೀತದ ಹೆಸರು ಗೊತ್ತಿರಲಿಲ್ಲ, ಅರ್ಥ ಗೊತ್ತಿತ್ತು. ಕಾರ್ಟೂನು ಎತ್ತಿಕೊಂಡಿದ್ದು ಈ ಭಾಷೆಯನ್ನು. ಇನ್ನೊಂದು ಕಾರಣವೂ ಇತ್ತು, ಅದು ದುಡ್ಡಿನದು. ರೊಸ್ಸೀನಿ ತೀರಿಕೊಂಡಿದ್ದು 1868ರಲ್ಲಿ, ಲಿಸ್ಟ್ 1886ರಲ್ಲಿ. ಅವರ ಸಂಗೀತಕ್ಕೆ ಯಾರಿಗೂ ಹಣ ಕಟ್ಟಬೇಕಾಗಿರಲಿಲ್ಲ.

ಡಿಸ್ನಿ ಮತ್ತು ಸ್ಟಾಲಿಂಗ್ ನಡುವೆ ಒಂದು ವಾದ ನಡೆದಿತ್ತು. ಸಂಗೀತ ಚಿತ್ರಕ್ಕೆ ಹೊಂದಿಕೊಳ್ಳಬೇಕೋ, ಚಿತ್ರ ಸಂಗೀತಕ್ಕೆ ಹೊಂದಿಕೊಳ್ಳಬೇಕೋ? ಕೊನೆಗೆ ಎರಡೂ ಮಾಡೋಣ ಅಂತಾಯಿತು. ಮಿಕ್ಕಿ ಚಿತ್ರಗಳಲ್ಲಿ ಚಿತ್ರ ಮುಂದೆ, ಸಂಗೀತ ಹಿಂದೆ. ಸಂಗೀತವೇ ಮುಂದಿರುವ ಬೇರೆ ಸರಣಿ ಇನ್ನೊಂದು. ಆ ಸರಣಿಯ ಮೊದಲ ಚಿತ್ರ 1929ರಲ್ಲಿ ಬಂತು, ಸ್ಮಶಾನದಲ್ಲಿ ಅಸ್ಥಿಪಂಜರಗಳು ಕುಣಿಯುವುದು. ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನೇ ವಾದ್ಯ ಮಾಡಿ ಬಾರಿಸುತ್ತದೆ. ಅದರೊಳಗೆ ಗ್ರೀಗ್ ಅವರ ಒಂದು ತುಣುಕು ಕೂಡ ಇದೆ.

ಸ್ಟಾಲಿಂಗ್ 1936ರಲ್ಲಿ ವಾರ್ನರ್ ಬ್ರದರ್ಸ್ ಸೇರಿದರು. 1958ರಲ್ಲಿ ನಿವೃತ್ತರಾದರು. ಈ 22 ವರ್ಷದಲ್ಲಿ ಸುಮಾರು 600 ಕಾರ್ಟೂನುಗಳಿಗೆ ಸಂಗೀತ ಕೊಟ್ಟರು. ಲೆಕ್ಕ ಹಾಕಿ, ಎರಡು ವಾರಕ್ಕೊಂದು! ಅದೂ ಸಣ್ಣ ಮೇಳಕ್ಕಲ್ಲ. ಸ್ಟುಡಿಯೋದ ದೊಡ್ಡ ಸಿನಿಮಾಗಳಿಗೆ ನುಡಿಸುತ್ತಿದ್ದ ಅದೇ ಆರ್ಕೆಸ್ಟ್ರಾ ಮೊಲಕ್ಕೂ ಬಾತುಕೋಳಿಗೂ ನುಡಿಸುತ್ತಿತ್ತು. ಆ ಕಾಲದ ಲಾಸ್ ಏಂಜಲಿಸ್ ಎಂಥ ಊರಾಗಿತ್ತು ಅಂತ ಯೋಚಿಸಿ. ಹಿಟ್ಲರನಿಂದ ತಪ್ಪಿಸಿಕೊಂಡು ಯೂರೋಪಿನಿಂದ ಬಂದ ಸಂಗೀತಗಾರರು ಅಲ್ಲಿ ತುಂಬಿದ್ದರು. ಶೋನ್‌ಬರ್ಗ್ 1934ರಿಂದ ಅಲ್ಲೇ ಇದ್ದರು. ಸ್ಟ್ರವಿನ್‌ಸ್ಕಿ ಬಂದು ನೆಲೆಸಿದರು. ರಾಖ್ಮಾನಿನೋವ್ ಕೊನೆಯುಸಿರೆಳೆದದ್ದು ಅಲ್ಲೇ, 1943ರಲ್ಲಿ. ಒಳ್ಳೆಯ ಸಂಗೀತಗಾರರು ಬೀದಿ ಬೀದಿಯಲ್ಲಿ ಇದ್ದ ಊರು. ಕಾರ್ಟೂನಿನ ಸಂಗೀತ ಅಷ್ಟು ಗಟ್ಟಿಯಾಗಿ ಕೇಳುವುದಕ್ಕೆ ಅದೂ ಒಂದು ಕಾರಣ.

ಒಂದು ಚಿತ್ರ ತೋರಿಸುತ್ತೇನೆ. 1935ರದು, ಮಿಕ್ಕಿ ಮೌಸ್‌ನ ಮೊದಲ ಬಣ್ಣದ ಚಿತ್ರ. ಪಾರ್ಕಿನಲ್ಲಿ ಬ್ಯಾಂಡ್ ಕಛೇರಿ. ಮಿಕ್ಕಿ ಬ್ಯಾಂಡ್ ನಡೆಸುತ್ತಿದ್ದಾನೆ. ಹಾಕಿಕೊಂಡ ಕೋಟು ಅವನಿಗಿಂತ ದೊಡ್ಡದು, ತೋಳು ನೇತಾಡುತ್ತಿದೆ. ನುಡಿಸುತ್ತಿರುವುದು 'ವಿಲಿಯಂ ಟೆಲ್'. ಡೊನಾಲ್ಡ್ ಡಕ್ ಕಡಲೆಕಾಯಿ, ಐಸ್‌ಕ್ರೀಮ್ ಮಾರುತ್ತಾ ಬರುತ್ತಾನೆ. ಸುಮ್ನೆ ಮಾರಿಕೊಂಡು ಹೋಗದೆ ಕೊಳಲು ತೆಗೆದು ಒಂದು ಹಳ್ಳಿ ಹಾಡು ಊದುತ್ತಾನೆ. ಬ್ಯಾಂಡಿನವರೆಲ್ಲ ತಮಗೇ ಗೊತ್ತಿಲ್ಲದಂತೆ ಆ ಹಾಡಿಗೆ ಜಾರಿಬಿಡುತ್ತಾರೆ! ಯಾಕೆ ಜಾರುತ್ತಾರೆ? ಎರಡರ ನಡೆಯೂ ಒಂದೇ, ಅದಕ್ಕೆ. ಎರಡೂ ಎರಡು ಪೆಟ್ಟಿನ ಓಟ. ಒಂದರ ಮೇಲೆ ಒಂದು ಸಲೀಸಾಗಿ ಕೂರುತ್ತದೆ. ಇದನ್ನು ಕಂಡುಹಿಡಿಯಲು ರೊಸ್ಸೀನಿ ಚೆನ್ನಾಗಿ ಗೊತ್ತಿರಬೇಕು, ಹಳ್ಳಿ ಹಾಡೂ ಅಷ್ಟೇ ಚೆನ್ನಾಗಿ ಗೊತ್ತಿರಬೇಕು.

ಇನ್ನೊಂದು ಕಡೆ ಮಿಕ್ಕಿಯ ಕೋಟಿನೊಳಗೆ ಐಸ್‌ಕ್ರೀಮ್ ಬೀಳುತ್ತದೆ. ಅವನು ಮೈ ಕೊಂಕಿಸುತ್ತಾನೆ. ವಾದಕರು ಅವನ ಮೈಯನ್ನೇ ನೋಡಿ ನುಡಿಸುತ್ತಿರುವುದರಿಂದ ಸಂಗೀತವೂ ಕೊಂಕುತ್ತದೆ. ಆಮೇಲೆ ಬಿರುಗಾಳಿಯ ಭಾಗ. ರೊಸ್ಸೀನಿಯ ಬಿರುಗಾಳಿ ಶುರುವಾಗುವುದಕ್ಕೂ ನಿಜವಾದ ಸುಂಟರಗಾಳಿ ಬರುವುದಕ್ಕೂ ಸರಿಹೋಗುತ್ತದೆ. ಕೇಳುತ್ತಿದ್ದವರು ಓಡುತ್ತಾರೆ, ಬೆಂಚುಗಳು ಓಡುತ್ತವೆ, ಬ್ಯಾಂಡು ಆಕಾಶಕ್ಕೆ ಹಾರಿಹೋಗುತ್ತದೆ. ಆದರೆ ಗಾಳಿಯಲ್ಲಿ ತಿರುಗುತ್ತಾ ತಲೆಕೆಳಗಾಗಿ ಒಬ್ಬರೂ ನುಡಿಸುವುದು ನಿಲ್ಲಿಸುವುದಿಲ್ಲ. ಮಿಕ್ಕಿಯ ಕೈ ನಿಲ್ಲುವುದಿಲ್ಲ. ಕೊನೆಗೆ ಮರದ ಮೇಲೆ ಜೋತುಬಿದ್ದು ಮುಗಿಸುತ್ತಾರೆ. ಅಷ್ಟು ಹೊತ್ತಿಗೆ ಚಪ್ಪಾಳೆ ತಟ್ಟಲು ಉಳಿದವನು ಡೊನಾಲ್ಡ್ ಒಬ್ಬನೇ. ಕಛೇರಿಗಳಲ್ಲಿ ಕರೆಂಟ್ ಹೋದಮೇಲೂ ಕತ್ತಲಲ್ಲಿ ಪಲ್ಲವಿ ಮುಂದುವರಿಸಿದ ವಿದ್ವಾಂಸರನ್ನು ನೋಡಿದ್ದೇನೆ. ಪ್ರತಿ ಸಲವೂ ನನಗೆ ಈ ಮಿಕ್ಕಿ ನೆನಪಾಗಿದ್ದಾನೆ.

ಡಿಸ್ನಿಯ 'ಫ್ಯಾಂಟೇಶಿಯಾ' ಬಗ್ಗೆ ಕೇಳೇ ಕೇಳುತ್ತೀರಿ. 1940ರಲ್ಲಿ ಬಂದ ಎರಡು ಗಂಟೆಯ ದೊಡ್ಡ ಚಿತ್ರ. ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ನಡೆಸಿದ ಫಿಲಡೆಲ್ಫಿಯಾ ಆರ್ಕೆಸ್ಟ್ರಾ. ಥಿಯೇಟರಿನ ಸುತ್ತಲೂ ಸ್ಪೀಕರ್ ಇಟ್ಟು ಕೇಳಿಸುವ ಹೊಸ ವ್ಯವಸ್ಥೆ. ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಅಲ್ಲಿ ಹೆಚ್ಚಿನ ಕಡೆ ಚಿತ್ರ ಸಂಗೀತದ ಮುಂದೆ ಕೈಕಟ್ಟಿ ನಿಂತಂತೆ ಅನಿಸುತ್ತದೆ. ನೀರಾನೆಗಳು ಬ್ಯಾಲೆ ಮಾಡುವ ಭಾಗ ಬಂದಾಗಷ್ಟೇ ನನ್ನ ಮನಸ್ಸು ಬಿಚ್ಚಿಕೊಳ್ಳುತ್ತದೆ. ನನಗೆ ಏಳು ನಿಮಿಷದ ಚಿಕ್ಕ ಚಿತ್ರಗಳೇ ಜಾಸ್ತಿ ಹತ್ತಿರ. ಅವು ಸಂಗೀತದ ಜೊತೆ ಮನೆಯವರಂತೆ ಸಲಿಗೆಯಿಂದ ಇರುತ್ತವೆ.

ಸ್ಟೊಕೊವ್‌ಸ್ಕಿ ಕೋಲಿಲ್ಲದೆ ಬರಿಗೈಯಲ್ಲಿ ಆರ್ಕೆಸ್ಟ್ರಾ ನಡೆಸುವುದಕ್ಕೆ ಹೆಸರಾದವರು. 1949ರ ಒಂದು ವಾರ್ನರ್ ಕಾರ್ಟೂನಿನಲ್ಲಿ ಬಗ್ಸ್ ಬನ್ನಿ ಅನ್ನುವ ಮೊಲ ಬಿಳಿ ಕೂದಲಿನ ಟೋಪನ್ ಹಾಕಿಕೊಂಡು ಹಾಲಿವುಡ್ ಬೌಲ್ ಅನ್ನುವ ಬಯಲು ರಂಗಮಂದಿರಕ್ಕೆ ಬರುತ್ತಾನೆ. ವಾದಕರೆಲ್ಲ 'ಲಿಯೊಪೋಲ್ಡ್, ಲಿಯೊಪೋಲ್ಡ್' ಅಂತ ಪಿಸುಗುಟ್ಟಿ ಎದ್ದು ಜಾಗ ಬಿಡುತ್ತಾರೆ. ಕೊಟ್ಟ ಕೋಲನ್ನು ಬಗ್ಸ್ ಲಟಕ್ಕನೆ ಮುರಿದು ಬರಿಗೈ ಎತ್ತುತ್ತಾನೆ. ಮಕ್ಕಳಿಗೆ ಅದು ಕೋಲು ಮುರಿದ ತಮಾಷೆ. ಸಂಗೀತ ಗೊತ್ತಿದ್ದವರಿಗೆ ಅದು ಬೇರೆಯೇ ತಮಾಷೆ. ತನ್ನ ಬ್ಯಾಂಜೋ ಒಡೆದುಹಾಕಿದ ಒಪೆರಾ (ಸಂಗೀತ ನಾಟಕ) ಗಾಯಕನ ಮೇಲೆ ಅವನು ಸೇಡು ತೀರಿಸಿಕೊಳ್ಳುವುದೂ ಸಂಗೀತದಿಂದಲೇ. ಒಂದು ಮೇಲಿನ ಸ್ವರ ಹಿಡಿಸಿ, ಕೈ ಇಳಿಸದೆ ನಿಂತುಬಿಡುತ್ತಾನೆ. ಗಾಯಕ ಕೆಂಪಾಗಿ, ನೀಲಿಯಾಗಿ, ಕೊನೆಗೆ ಇಡೀ ರಂಗಮಂದಿರ ಅವನ ತಲೆ ಮೇಲೆ ಕುಸಿಯುತ್ತದೆ.

ಸರಿ, ಈಗ ಬೆಕ್ಕಿಗೆ ವಾಪಸ್ ಬರೋಣ.

ಹಂಗೇರಿಯಲ್ಲಿ ರೋಮಾ (ಜಿಪ್ಸಿ) ಸಮುದಾಯದ ವಾದಕರು ನುಡಿಸುತ್ತಿದ್ದ ಕುಣಿತದ ಸಂಗೀತ ಇತ್ತು. ಅದಕ್ಕೆ ಎರಡು ಭಾಗ. ಮೊದಲನೆಯದು ನಿಧಾನ, ಎಳೆದು ಎಳೆದು, ಭಾರವಾಗಿ. ಅದು ಲಷ್ಷಾನ್. ಎರಡನೆಯದು ಹಗುರವಾಗಿ ಶುರುವಾಗಿ ಹುಚ್ಚು ವೇಗಕ್ಕೆ ಹೋಗುವುದು. ಅದು ಫ್ರಿಶ್ಕಾ. ಲಿಸ್ಟ್ ಈ ಮೈಕಟ್ಟನ್ನೇ ಪಿಯಾನೋಗೆ ತಂದರು. ಅಜ್ಜಿ ಅಡುಗೆಮನೆಯಿಂದ ಹಿಡಿದದ್ದು ಇದನ್ನೇ. ಇನ್ನೂ ಒಂದು ಸಂಗತಿ ಇದೆ, ನಮ್ಮ ಸಂಗೀತ ಕೇಳುವವರಿಗೆ ಇದು ಖುಷಿ ಕೊಡುತ್ತದೆ. ಕೃತಿಯ ಕೊನೆಯ ಹತ್ತಿರ ಲಿಸ್ಟ್ ಒಂದು ಜಾಗ ಖಾಲಿ ಬಿಟ್ಟಿದ್ದಾರೆ. ಇಲ್ಲಿ ನಿಮಗೆ ತೋಚಿದ್ದು ನುಡಿಸಿ ಅಂತ. ನಮ್ಮ ಮನೋಧರ್ಮದ ಹಾಗೆ ಅಲ್ವಾ? ರಾಖ್ಮಾನಿನೋವ್ ಆ ಜಾಗಕ್ಕೆ ತಮ್ಮದೇ ಒಂದು ಭಾಗ ಬರೆದುಕೊಂಡಿದ್ದರು.

ಲಿಸ್ಟ್ ತಮ್ಮ ಕಾಲದಲ್ಲಿ ದೊಡ್ಡ ಸ್ಟಾರ್. ಅವರ ಕಛೇರಿಗಳಲ್ಲಿ ಜನ ಮೈಮರೆತು ಕೂಗಾಡುತ್ತಿದ್ದರು. ಆ ಹುಚ್ಚಿಗೇ ಕವಿ ಹೈನೆ 1844ರಲ್ಲಿ ಒಂದು ಹೆಸರು ಕೊಟ್ಟರು, ಲಿಸ್ಟೊಮೇನಿಯಾ. ಹಾಗಾಗಿ ಕಾರ್ಟೂನಿನ ಟಾಮ್ ಬಾಲದ ಕೋಟು ಹಾಕಿಕೊಂಡು ಬಂದು, ಬಗ್ಗಿ ನಮಸ್ಕರಿಸಿ, ಮೂಗು ಮೇಲೆತ್ತಿ, ಅರೆಗಣ್ಣು ಮುಚ್ಚಿ ನುಡಿಸಲು ಶುರುಮಾಡುವಾಗ ನಗು ಬರುವುದು ಆ ಬಿಗುಮಾನಕ್ಕೆ. ಸಂಗೀತದ ಮೇಲಲ್ಲ. ಸಂಗೀತ ಅಲ್ಲಿ ಒಂದು ಸ್ವರವೂ ಸಡಿಲ ಆಗದೆ ನಡೆಯುತ್ತದೆ. ಇದು ತುಂಬಾ ಮುಖ್ಯ. ಸಂಗೀತವೇ ಕೆಟ್ಟಿದ್ದರೆ ಇಡೀ ಚಿತ್ರ ಬಿದ್ದುಹೋಗುತ್ತಿತ್ತು.

ಜೆರ್ರಿ ಪಿಯಾನೋ ಒಳಗೆ ಮಲಗಿದ್ದಾನೆ. ಎಲ್ಲಿ? ತಂತಿಗೆ ಬಡಿಯುವ ಸುತ್ತಿಗೆಗಳ ಮೇಲೆ. ಟಾಮ್ ನುಡಿಸಿದಂತೆ ಸುತ್ತಿಗೆಗಳು ಎದ್ದು ಜೆರ್ರಿಯನ್ನು ಮೇಲೆ ಎಸೆಯುತ್ತವೆ. ಲಷ್ಷಾನ್ ಭಾಗದ ಭಾರದ ಸ್ವರಗಳಿಗೆ ಒಂದು ತರಹ ಎಸೆತ, ಹಗುರ ಸ್ವರಗಳಿಗೆ ಇನ್ನೊಂದು ತರಹ. ಆಮೇಲೆ ಜಗಳ. ಟಾಮ್ ಒಂದು ಕೈಯಲ್ಲಿ ಇಲಿ ಹಿಡಿಯಲು ಹೋಗಿ, ಕಾಲಲ್ಲಿ ನುಡಿಸುತ್ತಾನೆ. ಜೆರ್ರಿ ಪಿಯಾನೋದ ಮನೆಗಳ, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳ, ಜಾಗದಲ್ಲಿ ಇಲಿಬೋನು ಇಡುತ್ತಾನೆ, ಅದೂ ಟಾಮ್‌ನ ಬೆರಳು ಅಲ್ಲಿಗೆ ಬರುವ ಸರಿಯಾದ ಸ್ವರಕ್ಕೆ. ನಡುವೆ ಜೆರ್ರಿ ಸುತ್ತಿಗೆಗಳ ಮೇಲೆ ಕುಣಿದು ಲಿಸ್ಟ್ ಬಿಟ್ಟು ಆ ಕಾಲದ ಒಂದು ರೈಲಿನ ಸಿನಿಮಾ ಹಾಡು ನುಡಿಸಿಬಿಡುತ್ತಾನೆ. ಆ ಹಾಡು ಬಂದದ್ದೂ ಎಂಜಿಎಂ ಸಿನಿಮಾದಲ್ಲೇ. 1946ರ ಒಳ್ಳೆಯ ಹಾಡು ಅಂತ ಅದಕ್ಕೆ ಆಸ್ಕರ್ ಬಂತು. ಅದೇ ಸಮಾರಂಭದಲ್ಲಿ ಒಳ್ಳೆಯ ಕಾರ್ಟೂನು ಅಂತ ಈ ಬೆಕ್ಕಿನ ಚಿತ್ರಕ್ಕೂ ಆಸ್ಕರ್ ಬಂತು.

ಕೊನೆಯಲ್ಲಿ ಫ್ರಿಶ್ಕಾ. ಟಾಮ್ ಸುಸ್ತಾಗಿದ್ದಾನೆ, ಜೆರ್ರಿ ಒಳಗಿನಿಂದ ತಾನೇ ಸುತ್ತಿಗೆ ಹೊಡೆದು ಮುಗಿಸಿಬಿಡುತ್ತಾನೆ. ಟಾಮ್ ಮನೆಗಳ ಮೇಲೆ ಕುಸಿದು ಬೀಳುತ್ತಾನೆ. ದೀಪದ ಬೆಳಕು ಇಲಿಯ ಮೇಲೆ. ಕೃತಿ ತನ್ನ ವೇಗದಿಂದಲೇ ವಾದಕನನ್ನು ಸೋಲಿಸುವುದು ಲಿಸ್ಟ್ ಬರೆದದ್ದರೊಳಗೇ ಇದೆ. ನಿರ್ದೇಶಕರಾದ ಹ್ಯಾನಾ ಮತ್ತು ಬಾರ್ಬೆರಾ ಅದಕ್ಕೊಂದು ಕಥೆ ಕೊಟ್ಟರು.

ಇದೇ ಹೊತ್ತಿಗೆ ವಾರ್ನರ್‌ನಲ್ಲಿ ನಿರ್ದೇಶಕ ಫ್ರಿಜ್ ಫ್ರೆಲೆಂಗ್ ಬಗ್ಸ್ ಬನ್ನಿಯ ಕೈಯಲ್ಲಿ ಇದೇ ಕೃತಿ ನುಡಿಸಿದರು. ಅಲ್ಲೂ ಪಿಯಾನೋ, ಅಲ್ಲೂ ಒಳಗೊಂದು ಇಲಿ! ಆ ಚಿತ್ರ ಥಿಯೇಟರಿಗೆ ಬಂದದ್ದು 1946ರ ನವೆಂಬರಿನಲ್ಲಿ, ಟಾಮ್ ಚಿತ್ರ 1947ರ ಏಪ್ರಿಲ್‌ನಲ್ಲಿ. ಎರಡೂ ಕಡೆಯವರು ನೀವೇ ಕದ್ದದ್ದು ಅಂತ ದೂರಿಕೊಂಡರು. ಅದು ಬಗೆಹರಿಯಲೇ ಇಲ್ಲ. ಆದರೆ ಫ್ರೆಲೆಂಗ್ ಐದು ವರ್ಷದ ಹಿಂದೆಯೇ, 1941ರಲ್ಲಿ, ಇದೇ ಕೃತಿಗೆ ಒಂದು ಕಟ್ಟಡ ಕಟ್ಟಿಸಿದ್ದರು. ಮೇಸ್ತ್ರಿ ನಕ್ಷೆಯನ್ನು ಸ್ವರಲಿಪಿಯಂತೆ ಮುಂದಿಟ್ಟುಕೊಂಡು ಕೈ ಬೀಸುತ್ತಾನೆ, ಇಟ್ಟಿಗೆ, ಸುತ್ತಿಗೆ, ಗರಗಸ ಎಲ್ಲಾ ಆರ್ಕೆಸ್ಟ್ರಾ. ಅವರು ತಮ್ಮ ಚಿತ್ರದ ಯೋಜನೆಯನ್ನು ಸ್ವರಲಿಪಿಯ ಹಾಳೆಯಂಥದರ ಮೇಲೆಯೇ ಹಾಕುತ್ತಿದ್ದವರು. ಬಗ್ಸ್ ಚಿತ್ರಕ್ಕೆ ಪಿಯಾನೋ ನುಡಿಸಿದವರು ಪೋಲೆಂಡಿನಿಂದ ಬಂದ ಯಾಕೋಬ್ ಗಿಂಪೆಲ್. ಅವರೇ ಆಮೇಲೆ ಎದುರಿನ ಕಂಪನಿಯ ಟಾಮ್ ಅಂಡ್ ಜೆರ್ರಿಗೂ ಸ್ಟ್ರಾಸ್ ಅವರ ವಾಲ್ಟ್ಸ್ ನುಡಿಸಿದರು. ಅದಕ್ಕೂ ಆಸ್ಕರ್ ಬಂತು.

ಚೀನಾದ ಶೆನ್‌ಯಾಂಗ್ ಊರಿನಲ್ಲಿ 1980ರ ದಶಕದಲ್ಲಿ ಒಂದು ಪುಟ್ಟ ಮಗು ಟೀವಿಯಲ್ಲಿ ಈ ಬೆಕ್ಕನ್ನು ನೋಡಿತು. ಪಿಯಾನೋ ಬೇಕು ಅಂದಿತು. ಆ ಮಗುವೇ ಲಾಂಗ್ ಲಾಂಗ್, ಇವತ್ತು ಪ್ರಪಂಚದ ದೊಡ್ಡ ಪಿಯಾನೋ ವಾದಕರಲ್ಲಿ ಒಬ್ಬರು. ಅವರೇ ಇದನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಟಾಮ್ ಅಂಡ್ ಜೆರ್ರಿಯ ಸಂಗೀತಗಾರ ಸ್ಕಾಟ್ ಬ್ರ್ಯಾಡ್ಲಿ. ಅವರಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಅನ್ನುವುದು ನನ್ನ ಸಂಕಟ. ಹಳೆಯ ಕೃತಿಗಳನ್ನು ಬಳಸಿದ್ದಷ್ಟೇ ಅಲ್ಲ, ತಮ್ಮ ಕಾಲದ ಹೊಸ ಸಂಗೀತವನ್ನೂ ಅವರು ಕಾರ್ಟೂನಿಗೆ ತಂದರು. ಶೋನ್‌ಬರ್ಗ್ ಕಂಡುಹಿಡಿದ ಹನ್ನೆರಡು ಸ್ವರದ ಪದ್ಧತಿ ಅಂತ ಇದೆ. ಹನ್ನೆರಡು ಸ್ವರಸ್ಥಾನಗಳನ್ನೂ ಒಂದು ಸಾಲಿನಲ್ಲಿ ಜೋಡಿಸುವುದು, ಸಾಲು ಮುಗಿಯುವವರೆಗೆ ಯಾವುದೂ ಮತ್ತೆ ಬರಬಾರದು. ಆಧಾರ ಷಡ್ಜವೇ ಇಲ್ಲ. ಕೇಳುವವನಿಗೆ ನಿಲ್ಲಲು ನೆಲ ಇಲ್ಲದ ಹಾಗೆ ಆಗುತ್ತದೆ. ಇವತ್ತಿಗೂ ಕಛೇರಿಯಲ್ಲಿ ಅದನ್ನು ಕೇಳಿ ಜನ ಎದ್ದುಹೋಗುವುದುಂಟು. ಬ್ರ್ಯಾಡ್ಲಿ ಅದನ್ನು 1944ರಲ್ಲೇ ಒಂದು ಟಾಮ್ ಅಂಡ್ ಜೆರ್ರಿಯಲ್ಲಿ ಹಾಕಿದರು. ಜೆರ್ರಿ ಒಂದು ನಾಯಿಯ ತಲೆ ಹೊತ್ತುಕೊಂಡು ಓಡುವ ದೃಶ್ಯ. ಕೆಳಗೆ ಇಲಿಯ ಪುಟ್ಟ ಕಾಲು, ಮೇಲೆ ದೊಡ್ಡ ತಲೆ. ಯಾವ ಪ್ರಾಣಿ ಇದು? ಷಡ್ಜ ಇಲ್ಲದ ಸಂಗೀತ ಅದಕ್ಕೆ ಹೇಳಿ ಮಾಡಿಸಿದಂತಿದೆ. ರೆಕಾರ್ಡಿಂಗ್ ಮಾಡುವಾಗ ಆರ್ಕೆಸ್ಟ್ರಾದವರೇ ನಕ್ಕರಂತೆ. ಶೋನ್‌ಬರ್ಗ್ ನನ್ನನ್ನು ಕ್ಷಮಿಸಲಿ ಅಂತ ಬ್ರ್ಯಾಡ್ಲಿ ಹೇಳಿದ್ದರು. ಆದರೆ ಥಿಯೇಟರಿನಲ್ಲಿ ಒಂದು ಮಗುವೂ ಇದು ಕಷ್ಟದ ಸಂಗೀತ ಅಂತ ಎದ್ದುಹೋಗಲಿಲ್ಲ.

ಇನ್ನು ರೊಸ್ಸೀನಿಯ 'ಸೆವಿಲ್ಲೆಯ ಕ್ಷೌರಿಕ'. 1950ರಲ್ಲಿ ವಾರ್ನರ್‌ನ ನಿರ್ದೇಶಕ ಚಕ್ ಜೋನ್ಸ್ ಬಗ್ಸ್ ಬನ್ನಿಯನ್ನು ಆ ಒಪೆರಾದ ರಂಗಕ್ಕೆ ತಳ್ಳಿದರು. ಒಪೆರಾ ಶುರುವಾಗುವ ಮುಂಚೆ ಪರದೆ ಮುಚ್ಚಿರುವಾಗ ನುಡಿಸುವ ವಾದ್ಯಸಂಗೀತಕ್ಕೆ ಓವರ್ಚರ್ ಅನ್ನುತ್ತಾರೆ. ರೊಸ್ಸೀನಿ ಈ ಓವರ್ಚರನ್ನು ಮೊದಲು ಬರೆದದ್ದು 1813ರ ಬೇರೊಂದು ಒಪೆರಾಕ್ಕೆ. ಮತ್ತೊಂದಕ್ಕೂ ಬಳಸಿಕೊಂಡರು. ಆಮೇಲೆ 1816ರಲ್ಲಿ ಕ್ಷೌರಿಕನ ಕಥೆಗೆ ಅಂಟಿಸಿದರು. ಹಾಗಾಗಿ ಕ್ಷೌರಕ್ಕೂ ಈ ಸಂಗೀತಕ್ಕೂ ನಿಜವಾಗಿ ಸಂಬಂಧವೇ ಇಲ್ಲ! ಪಲ್ಲವಿಗೂ ಸಾಹಿತ್ಯಕ್ಕೂ ಗಂಟು ಹಾಕಿದವರು ಕಾರ್ಟೂನಿನವರು. ಬೇಟೆಗಾರ ಎಲ್ಮರ್ ತಲೆಯ ಮೇಲೆ ಬಗ್ಸ್ ಕೈಯಲ್ಲೂ ಕಾಲಲ್ಲೂ ಮಾಡುವ ಮಾಲೀಶು ನೋಡಿ. ಪಿಟೀಲಿನ ಒಂದೊಂದು ಸ್ವರಕ್ಕೂ ಒಂದೊಂದು ಬೆರಳು. ಗೊಬ್ಬರ ಹಾಕಿದರೆ ಬೋಳು ತಲೆಯಲ್ಲಿ ಹೂವು ಅರಳುತ್ತದೆ.

ರೊಸ್ಸೀನಿ ಹೆಸರಾಗಿದ್ದೇ ಒಂದು ವಿಷಯಕ್ಕೆ. ಒಂದೇ ಚಿಕ್ಕ ಪಲುಕನ್ನು ಮತ್ತೆ ಮತ್ತೆ ತಂದು, ಪ್ರತಿ ಸಲ ಒಂದೆರಡು ವಾದ್ಯ ಸೇರಿಸಿ ಏರಿಸುತ್ತಾ ಹೋಗುವುದು. ಕ್ರೆಶೆಂಡೊ ಅನ್ನುತ್ತಾರೆ. ಇದನ್ನು ತೋರಿಸಲು ಚಕ್ ಜೋನ್ಸ್ ಏನು ಮಾಡಿದರು? ಇಬ್ಬರನ್ನೂ ಎರಡು ಕ್ಷೌರದ ಕುರ್ಚಿಯ ಮೇಲೆ ಕೂರಿಸಿ, ಕುರ್ಚಿಗಳನ್ನು ಮೇಲೆ ಮೇಲೆ ಏರಿಸಿದರು. ಒಬ್ಬ ಏರಿದರೆ ಇನ್ನೊಬ್ಬ ಅವನಿಗಿಂತ ಮೇಲೆ. ಮುಂದೆ ಕೈಗೆ ಕೊಡಲಿ ಬರುತ್ತದೆ, ಅದಕ್ಕಿಂತ ದೊಡ್ಡ ಕೊಡಲಿ, ಪಿಸ್ತೂಲು, ಬಂದೂಕು, ಫಿರಂಗಿ. ಆಮೇಲೆ ಸಂಗೀತ ಅಲ್ಲೇ ಏರುತ್ತಿರುವಾಗ ಆಯುಧ ಹೋಗಿ ಹೂವು, ಚಾಕಲೇಟು, ಉಂಗುರ, ಮದುವೆ! ಒಂದು ಕ್ಲಾಸಿನಲ್ಲಿ ಕ್ರೆಶೆಂಡೊ ಅಂದರೇನು ಅಂತ ಮಕ್ಕಳಿಗೆ ಹೇಳಬೇಕಾಗಿ ಬಂದಾಗ ನಾನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಈ ಎರಡು ಕುರ್ಚಿ ತೋರಿಸಿದೆ. ಶುರುವಿನಲ್ಲಿ ರಂಗಮಂದಿರದ ಹೊರಗೊಂದು ಭಿತ್ತಿಪತ್ರ ಕಾಣುತ್ತದೆ. ಅದರಲ್ಲಿ ಗಾಯಕರ ಹೆಸರು ಅಂತ ಚಿತ್ರ ಮಾಡಿದವರದ್ದೇ ಹೆಸರುಗಳನ್ನು ಇಟಲಿಯವರ ಹಾಗೆ ತಿರುಚಿ ಹಾಕಿದ್ದಾರೆ. ಚಕ್ ಜೋನ್ಸ್ ಅಲ್ಲಿ ಕಾರ್ಲೊ ಜೋನ್ಜಿ.

ಏಳು ವರ್ಷ ಬಿಟ್ಟು, 1957ರಲ್ಲಿ ಅದೇ ಜೋನ್ಸ್ ಜರ್ಮನಿಯ ಸಂಗೀತಗಾರ ವಾಗ್ನರ್‌ಗೆ ಕೈ ಹಾಕಿದರು. ವಾಗ್ನರ್ ಅವರ 'ರಿಂಗ್' ಒಪೆರಾ ನಾಲ್ಕು ರಾತ್ರಿ ನಡೆಯುತ್ತದೆ, ಒಟ್ಟು ಸುಮಾರು 15 ಗಂಟೆ. ಜೋನ್ಸ್‌ಗೆ ಇದ್ದದ್ದು ಏಳು ನಿಮಿಷಕ್ಕೂ ಕಡಿಮೆ. ಅದರಲ್ಲೇ ಬೇಟೆಗಾರ ಎಲ್ಮರ್ ವೀರ, ಮೊಲ ಅವನ ನಾಯಕಿ, ಬೆಣ್ಣೆ ಉಂಡೆಯಂಥ ಬಿಳಿ ಕುದುರೆ, ಮಿಂಚು, ಗುಡುಗು, ಪ್ರೀತಿ, ಸಾವು. ವಾಲ್ಕೀರಿಗಳು ಅನ್ನುವ ಯುದ್ಧಕನ್ಯೆಯರು ಕುದುರೆ ಏರಿ ಬರುವ ಸಂಗೀತಕ್ಕೆ ಎಲ್ಮರ್ ಮೊಲ ಕೊಲ್ಲುವ ಹಾಡು ಹಾಡುತ್ತಾನೆ. ಸ್ಟುಡಿಯೋ ಒಂದು ಕಾರ್ಟೂನಿಗೆ ಕೊಡುತ್ತಿದ್ದದ್ದು ಐದು ವಾರ. ಇದಕ್ಕೆ ಏಳು ವಾರ ಬೇಕಾಯಿತು. ಜೋನ್ಸ್ ತಂಡ ಆ ಹೆಚ್ಚಿನ ಗಂಟೆಗಳನ್ನು ಬೇರೆ ಸರಳ ಚಿತ್ರದ ಲೆಕ್ಕಕ್ಕೆ ಬರೆದು ಕೆಲಸ ಮುಗಿಸಿತು. ಒಂದು ಕಾರ್ಟೂನಿಗಾಗಿ ಅಷ್ಟು ದೊಡ್ಡವರು ಹೀಗೆ ಮಾಡುತ್ತಾರೆ ಅಂದರೆ ಅದು ಪ್ರೀತಿ ಅಲ್ಲದೆ ಮತ್ತೇನು? ಸಂಗೀತ ಹೊಂದಿಸಿದವರು ಸ್ಟಾಲಿಂಗ್ ಅವರ ಜೊತೆ ವರ್ಷಗಟ್ಟಲೆ ದುಡಿದ ಮಿಲ್ಟ್ ಫ್ರ್ಯಾಂಕ್ಲಿನ್. 1992ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಈ ಚಿತ್ರ ಸೇರಿಸಿತು. ಆ ಚಿತ್ರ ಒಮ್ಮೆಯೂ ವಾಗ್ನರ್ ಅವರನ್ನು ಅವಮಾನಿಸುವುದಿಲ್ಲ. ಕೊನೆಗೆ ಎಲ್ಮರ್ ಸತ್ತ ಮೊಲವನ್ನು ಎತ್ತಿಕೊಂಡು ಬೆಳಕಿನ ಕಡೆ ಹತ್ತಿ ಹೋಗುವಾಗ, ಇದು ಕಾರ್ಟೂನು ಅಂತ ಗೊತ್ತಿದ್ದೂ ನನ್ನ ಗಂಟಲು ಕಟ್ಟುತ್ತದೆ.

ಒಂದು ಮಾತು ಮುಚ್ಚಿಡಬಾರದು. ಈ ಹಳೆಯ ಕಾರ್ಟೂನುಗಳಲ್ಲಿ ಕಪ್ಪು ಜನರನ್ನೂ ಏಷ್ಯಾದವರನ್ನೂ ಹೀಯಾಳಿಸುವ ದೃಶ್ಯಗಳಿವೆ. ನಿರ್ದೇಶಕ ಟೆಕ್ಸ್ ಏವರಿಯವರ 1952ರ ಚಿತ್ರ ಒಂದಿದೆ, ಮಂತ್ರವಾದಿ ಒಬ್ಬ ಒಪೆರಾ ಗಾಯಕನ ವೇಷವನ್ನು ಹಾಡಿನ ನಡುವೆಯೇ ಬದಲಿಸುತ್ತಾ ಹೋಗುವುದು. ಲಯದ ದೃಷ್ಟಿಯಿಂದ ಅದ್ಭುತ. ಆದರೆ ಅದರಲ್ಲಿ ಜನಾಂಗದ ಅವಹೇಳನ ಇದೆ. ಮಕ್ಕಳಿಗೆ ತೋರಿಸುವಾಗ ನಾನು ಅದನ್ನು ಬಿಡುತ್ತೇನೆ. ದೊಡ್ಡವರ ಜೊತೆ ನೋಡುವಾಗ ನಿಲ್ಲಿಸಿ ಮಾತಾಡುತ್ತೇನೆ.

ಈ ಕಾಲ ಮುಗಿದದ್ದು ಬೇಗ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟುಡಿಯೋಗಳು ತಮ್ಮದೇ ಥಿಯೇಟರು ಇಟ್ಟುಕೊಂಡು ಚಿತ್ರಗಳನ್ನು ಕಟ್ಟುಕಟ್ಟಾಗಿ ಹೇರುವುದನ್ನು ತಡೆಯಿತು. ಕಾರ್ಟೂನಿಗೆ ಬರುತ್ತಿದ್ದ ಹಣ ಕಡಿಮೆಯಾಯಿತು. ಟೀವಿ ಬಂತು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನು ವಿಭಾಗ ಮುಚ್ಚಿತು. ಹ್ಯಾನಾ, ಬಾರ್ಬೆರಾ ಟೀವಿಗೆ ಹೋದರು. ಅಲ್ಲಿ ವಾರ ವಾರ ಅಗ್ಗದಲ್ಲಿ ಮಾಡಬೇಕು. ಚಿತ್ರಗಳು ಕಡಿಮೆ, ಸಂಗೀತ ಮೊದಲೇ ರೆಕಾರ್ಡ್ ಆದ ಡಬ್ಬಿಯಿಂದ. ಬೆಕ್ಕಿನ ಹೆಜ್ಜೆಗೆ ಡ್ರಮ್ ಪೆಟ್ಟು ಎಣಿಸುವವರು ಉಳಿಯಲಿಲ್ಲ.

ನನ್ನ ಮಾತು ಇಷ್ಟೇ. ಈಗ ಪೂರ್ತಿ ಚಿತ್ರ ನೋಡೋಣ, ಎರಡು ಸಲ. ಮೊದಲ ಸಲ ತೆರೆ ಆರಿಸಿರುತ್ತೇನೆ. ಕಣ್ಣು ಮುಚ್ಚಿ ಕೇಳಿ. ಸಾವಕಾಶ ಎಲ್ಲಿ ಮುಗಿದು ದ್ರುತ ಎಲ್ಲಿ ಶುರುವಾಗುತ್ತದೆ ಅಂತ ಬೆರಳಲ್ಲಿ ಗುರುತಿಸಿ. ರೈಲಿನ ಹಾಡು ನುಸುಳಿದ ಕೂಡಲೇ ಕೈ ಎತ್ತಿ. ಎರಡನೇ ಸಲ ತೆರೆ ಹಚ್ಚುತ್ತೇನೆ. ಆಗ ಟಾಮ್‌ನ ಮುಖ ನೋಡಬೇಡಿ, ಬೆರಳುಗಳನ್ನೇ ನೋಡಿ. ಮುಂದಿನ ಸಾಲಿನ ಮಕ್ಕಳು ನೆಲದ ಮೇಲೆ ಹತ್ತಿರ ಬಂದು ಕೂರಬಹುದು. ಲೈಟ್ ಆರಿಸಿ.